ಸೋಸದ ಸೇಬು

“ಅಮ್ಮಾ, ನಂಗೆ ಹಲ್ಲಿದೆ. ಅದನ್ನ ಹಾಗೇ ಹಾಕು,” ಎಂದು ಏಳು ವರ್ಷದ ಮಗಳು ಬಾಯಿ ಅಗಲಿಸಿ ತೋರಿಸಿದಾಗ ತಾಯಿಯ ಕೈ ಜಾಲರಿಯ ಮೇಲೆ ನಿಂತುಬಿಟ್ಟಿತು. ಸಕ್ಕರೆ ಹಾಕಿ ಬೇಯಿಸಿದ ಸೇಬನ್ನು ಅವಳು ಚಮಚದ ಬೆನ್ನಿನಿಂದ ಒತ್ತಿ ಸೋಸುತ್ತಿದ್ದಳು. ಪಕ್ಕದಲ್ಲಿ ಮೂರು ಬಟ್ಟಲು ಗಟ್ಟಿ ಮೊಸರಿತ್ತು.

ಗಂಡನ ಗಂಟಲಲ್ಲಿ ಗಟ್ಟಿ ಪದಾರ್ಥ ಇಳಿಯದಾದ ಮೇಲೆ, ಒಂದು ವರ್ಷ, ಬೆಳಗಿನ ತಿಂಡಿ ಇದೇ ಆಗಿತ್ತು. ಅವನೊಬ್ಬನಿಗೇ ಬೇರೆ ಎನಿಸಬಾರದೆಂದು ಮನೆಯವರೆಲ್ಲ ಅದನ್ನೇ ನುಂಗಿದ್ದರು. ಅವನು ಹೋಗಿ ನಾಲ್ಕು ತಿಂಗಳಾಗಿತ್ತು.

“ನಾನೂ ಹೇಳೋಣ ಅಂತಿದ್ದೆ ಕಣೇ,” ಎಂದರು ಅತ್ತೆ. “ನಿನ್ನ ಕೈಗೊಂದು ಕೆಲಸ ಇರ್ಲಿ ಅಂತ ಸುಮ್ಮನಾದೆ.”

“ಅಜ್ಜಿಗೂ ಹಲ್ಲಿದೆ!”

“ಇವೆಯಮ್ಮಾ, ಡಾಕ್ಟರು ಕಟ್ಟಿಕೊಟ್ಟಿದ್ದು. ಕೆಲಸವಿಲ್ಲದೆ ಕೂತಿವೆ.”

ಅವಳು ಜಾಲರಿಯನ್ನು ಸಿಂಕಿನಲ್ಲಿಟ್ಟಳು. ಪಾತ್ರೆಯಲ್ಲಿ ಉಳಿದಿದ್ದ ಸೇಬಿನ ದೊಡ್ಡ ಹೋಳುಗಳನ್ನು ಮೂರು ಬಟ್ಟಲಿಗೂ ಹಂಚಿದಳು. ಮಗಳು ಅಗಿಯುವ ಸದ್ದು ಅಡುಗೆಮನೆಯಲ್ಲಿ ಕೇಳಿಸಿತು. ಅವಳೂ ಒಂದು ಹೋಳನ್ನು ಬಾಯಿಗಿಟ್ಟು, ರೂಢಿಯಂತೆ ನುಂಗಲು ಹೋದಳು. ಅದು ಇಳಿಯಲಿಲ್ಲ, ಅಗಿಯಬೇಕಾಯಿತು.