ಯಾರಿದ್ದಾರೆ ಈ ಮನೆಯಲ್ಲಿ

ಕವಿ ಶಾಂತವೀರಪ್ಪ ತೀರಿಕೊಂಡ ಸುದ್ದಿ ಆಸ್ಪತ್ರೆಯಿಂದ ಬಂದ ದಿನ ಹೆಂಡತಿ ನೀಲವ್ವ ಅಳಲಿಲ್ಲ. ಇಬ್ಬರಿಗೂ ಚಹಾ ಇಟ್ಟಳು. ಕವಿತೆ ಅರ್ಧಕ್ಕೆ ಬಿಟ್ಟು ಸತ್ತವರು ಆ ಊರಲ್ಲಿ ಸಂಜೆಗೆ ಮನೆಗೆ ಮರಳುತ್ತಿದ್ದರು. ಮನೆಯವರು ಅದರ ಕೊನೆಯ ಸಾಲಾಗಿ ನಿಜವನ್ನೇ ನುಡಿದಾಗ ಅವರಿಗೆ ಬಿಡುಗಡೆ.

ಶಾಂತವೀರಪ್ಪನೂ ಬಂದ. ಅಂದಿನಿಂದ ಉಣ್ಣದೆ, ಮಲಗದೆ, ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗುತ್ತಲೇ ಇದ್ದ. ‘ಯಾರಿದ್ದಾರೆ ಈ ಮನೆಯಲ್ಲಿ?’ ಎಂಬಲ್ಲಿಗೆ ಅವನ ಕವಿತೆ ನಿಂತಿತ್ತು. ಅವನನ್ನು ಕಳಿಸಿಕೊಡಲು ಮನಸ್ಸಾಗದೆ ನೀಲವ್ವ ದಿನವೂ ಸುಳ್ಳು ಸಾಲನ್ನೇ ಹೇಳುತ್ತಿದ್ದಳು.

"ನಾವಿಬ್ಬರೂ ಅದೀವಿ," ಎಂದಳು ಇವತ್ತೂ.

"ಲಗ್ನ ಆದಾಗಿಂದ ನನ್ನ ಕವಿತಿ ಕೇಳಿ ಆಕಳಿಸ್ತಿದ್ದಿ. ಈಗ ನೋಡಿದ್ರ ಮುಗ್ಯಾಕ ಬಿಡವಲ್ಲಿ!" ಎಂದು ಅವನು ನಕ್ಕ. ನಗುತ್ತಲೇ ಗೋಡೆಗೆ ಕೈ ಊರುತ್ತ ನಡೆದ. "ಕಾಲು ಸೋತಾವ, ನೀಲಾ. ಕುಂದ್ರಾಕೂ ಬರವಲ್ದು. ನಾ ಅದೀನೋ ಇಲ್ಲೋ, ಖರೇ ಹೇಳಿಬಿಡು."

ಕೆನೆಗಟ್ಟಿ ಆರಿಹೋದ ಅವನ ಚಹಾವನ್ನು ನೀಲವ್ವ ನೋಡಿದಳು. ತಲೆಯ ಮೇಲೆ ಸೆರಗು ಹೊದ್ದು, ಹಣೆಗೆ ವಿಭೂತಿ ಹಚ್ಚಿಕೊಂಡಳು.

"ನಾ ಒಬ್ಬಾಕೀನೇ ಅದೀನ್ರಿ."

ಹೆಜ್ಜೆಯ ಸಪ್ಪಳ ನಿಂತಿತು. ಆಗ ಅತ್ತಳು ನೀಲವ್ವ.

"ಶಿವನೇ, ಭಾಳ ತಿರುಗ್ಯಾಡಿ ದಣದಾರ. ನಿನ್ನ ಪಾದದಾಗ ಅವರನ್ನ ತಣ್ಣಗ ಮಲಗಿಸಪ್ಪಾ."