ಹೆಣದ ಪಾತ್ರಧಾರಿ

"ನಿಲ್ಸು. ಸ್ವಲ್ಪ ಹಿಂದಕ್ಕೆ ಹೋಗು," ಎಂದರು ಕುರ್ಯನ್ ಸಾರ್, ಕುರ್ಚಿಯಿಂದ ಎದ್ದು. "ಹೆಣ ಉಸಿರಾಡ್ತಿದೆ."

ಸಭಾಂಗಣ ಗೊಳ್ಳೆಂದು ನಕ್ಕಿತು. ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿಸಿ, ಮನೆಯಲ್ಲಿ ಬೀಫ್ ಉಂಡು ಬಂದಿದ್ದ, ಕೇರಳದ ಪಾಲಾ ಎಂಬ ಊರಿನ ಫಿಲ್ಮ್ ಸೊಸೈಟಿಯವರಿಗೆ ಇಂಥದೊಂದು ನಗು ಬೇಕೇ ಆಗಿತ್ತು. ಕಿಟಕಿಗಳಿಗೆ ಹಳೆಯ ಚುನಾವಣೆ ಬ್ಯಾನರುಗಳನ್ನು ತಿರುಗಿಸಿ ಕಟ್ಟಿ ನಡುಮಧ್ಯಾಹ್ನವನ್ನು ಕತ್ತಲು ಮಾಡಿದ್ದರು.

ಹಾಗೆ ನೋಡಿದರೆ ಸಾರ್ ಅಷ್ಟು ಹೊತ್ತೂ ಚಿತ್ರದೊಳಗೆ ಮುಳುಗಿಹೋಗಿದ್ದರು. ಹೆಸರು 'ಮುಚ್ಚಳ'. ತೆಗೆದವನು ಬಸ್‌ಸ್ಟ್ಯಾಂಡ್ ಪಕ್ಕದ ಸ್ಟುಡಿಯೋದ ಸಾಜನ್. ಮದುವೆ, ಜ್ಞಾನಸ್ನಾನ, ಶವಸಂಸ್ಕಾರ ಎಂದು ಊರಿನ ಸುಖದುಃಖವನ್ನೆಲ್ಲ ಪರದೇಶದಲ್ಲಿರುವ ನೆಂಟರಿಗಾಗಿ ವಿಡಿಯೋ ಮಾಡಿಕೊಡುವುದು ಅವನ ಕಸುಬು. ಕೈಯಲ್ಲಿ ಕಾಸಿರಲಿಲ್ಲ, ತಲೆಯಲ್ಲಿ ಉಪಾಯಕ್ಕೆ ಬರವಿರಲಿಲ್ಲ. ಹಲಸಿನಕಾಯಿ ಕೀಳುವ ದೋಟಿಗೆ ಕ್ಯಾಮೆರಾ ಕಟ್ಟಿ ಆಕಾಶದಿಂದ ತೋಟ ತೋರಿಸಿದ್ದ. ಮಳೆಗೆ ಔಷಧಿ ಸಿಂಪಡಿಸುವ ಪಂಪು, ರಕ್ತಕ್ಕೆ ಬೀಟ್ರೂಟ್. ಇನ್ಸ್‌ಪೆಕ್ಟರ್ ತೊಟ್ಟಿದ್ದದ್ದು ಬ್ಯಾಂಕಿನ ಕಾವಲುಗಾರನ ಸಮವಸ್ತ್ರ. ಮೂಕಿ ವಿಧವೆಯ ಪಾತ್ರಕ್ಕೆ ಅವನ ಸ್ವಂತ ತಾಯಿ. ಮೂಕಿ ಯಾಕೆಂದರೆ, ಆಕೆಗೆ ಮಾತು ಬಾಯಿಪಾಠ ಆಗುತ್ತಿರಲಿಲ್ಲ.

ಕಥೆ ಸರಳ. ರಬ್ಬರ್ ತೋಟದ ಯಜಮಾನನ ಕೊಲೆಯಾಗಿದೆ, ಕೊಲೆಗಾರ ಶವಯಾತ್ರೆಯ ಜನರ ನಡುವೆಯೇ ಇದ್ದಾನೆ. "ಹೂಳೋಕೆ ಅವಸರ ಮಾಡ್ತಾನಲ್ಲ, ಅವನೇ," ಎಂದು ಸಾರ್ ಪಕ್ಕದ ಮೇರಿಕುಟ್ಟಿ ಟೀಚರ ಕಿವಿಯಲ್ಲಿ ಆಗಲೇ ಊದಿದ್ದರು. ಟೀಚರಿಗೆ ಸಿಟ್ಟು ಬಂದಿತ್ತು.

ಕುರ್ಯನ್ ಸಾರ್ ನಿವೃತ್ತ ಇಂಗ್ಲಿಷ್ ಅಧ್ಯಾಪಕರು, ಸೊಸೈಟಿ ಹುಟ್ಟಿದಾಗಿನಿಂದಲೂ ಅದರ ಅಧ್ಯಕ್ಷರು. ಹಿತ್ತಲ ಗಿಡ ಮದ್ದಲ್ಲವೆಂದು ಆಯುಷ್ಯವಿಡೀ ಇರಾನಿನ ಸಿನಿಮಾಗಳ ಕಡೆಗೇ ನೋಡುತ್ತ ಕೂತವರು. ತಿರುವನಂತಪುರದ ಚಿತ್ರೋತ್ಸವಕ್ಕೆ ಸೊಸೈಟಿಯ ಪರವಾಗಿ ವರ್ಷವರ್ಷವೂ ಒಂದು ಚಿತ್ರ ಶಿಫಾರಸು ಮಾಡುತ್ತಿದ್ದರು, ಉತ್ಸವದವರು ವರ್ಷವರ್ಷವೂ ಅದನ್ನು ಬದಿಗಿಡುತ್ತಿದ್ದರು. ಒಬ್ಬನೇ ಒಬ್ಬ ನಿರ್ದೇಶಕನನ್ನು ಕಂಡುಹಿಡಿದವರು ಎನ್ನಿಸಿಕೊಂಡು ಕಣ್ಣುಮುಚ್ಚಬೇಕೆಂಬ ಆಸೆ ಅವರನ್ನು ಸುಡುತ್ತಿತ್ತು. ಇಂದು ಆ ನಿರ್ದೇಶಕ ಸಿಕ್ಕಿದ್ದ.

ಉತ್ಸವವೆಂದರೆ ಸಾರ್‌ಗೆ ಅಷ್ಟು ಹುಚ್ಚು. ಉದ್ಘಾಟನೆಯ ಚಿತ್ರವನ್ನು ಎಂದೂ ತಪ್ಪಿಸಿಕೊಂಡವರಲ್ಲ. ಅದಕ್ಕಾಗಿ ಮಗಳ ನಿಶ್ಚಿತಾರ್ಥ ಮುಂದಕ್ಕೆ ಹೋಗಿತ್ತು, ಕಣ್ಣಿನ ಪೊರೆ ಇನ್ನೊಂದು ವರ್ಷ ಬಲಿತಿತ್ತು. ಹೋದ ವರ್ಷ ಉತ್ಸವದ ಮುನ್ನಾದಿನ ಅಣ್ಣ ಅವುಸೇಪ್ ಬೆಳಗ್ಗೆ ಎದ್ದೇಳಲಿಲ್ಲ. ಆಸ್ಟ್ರೇಲಿಯಾದಿಂದ ಅವನ ಮಕ್ಕಳು ಬರುವವರೆಗೆ ಶವಾಗಾರದಲ್ಲಿಡೋಣವೆಂದು ಊರವರು ಹೇಳಿದರು. ಸಾರ್ ಪಕ್ಕದ ಮನೆಯ ಹೋಮಿಯೋಪತಿ ವೈದ್ಯರಿಂದ ನಾಡಿ ನೋಡಿಸಿ, ಸಂಜೆಯೊಳಗೆ ಮಣ್ಣು ಮಾಡಿಸಿ, ಕೊನೆಯ ಬಸ್ಸು ಹಿಡಿದಿದ್ದರು. ಆ ವರ್ಷದ ಉದ್ಘಾಟನೆಯ ಚಿತ್ರ ಸಪ್ಪೆಯಾಗಿತ್ತೆಂಬ ದುಃಖ ಅವರಿಗೆ ಇನ್ನೂ ಇತ್ತು.

ಸಾಜನ್ ದೃಶ್ಯವನ್ನು ಹಿಂದಕ್ಕೆ ಓಡಿಸಿದ.

ಕಪ್ಪುಬಿಳುಪು. ತೆರೆದ ಶವಪೆಟ್ಟಿಗೆ. ಮುಖದ ಮೇಲೆ ಬಿಳಿ ವಸ್ತ್ರ. ಕೈಗವಸು ತೊಟ್ಟ ಎರಡು ಕೈಗಳ ನಡುವೆ ಶಿಲುಬೆ, ಎದೆಯ ಮೇಲೆ ಒಂದು ಗುಲಾಬಿ. ಆ ಗುಲಾಬಿ ಮೆಲ್ಲಗೆ ಮೇಲೆದ್ದಿತು. ಮೆಲ್ಲಗೆ ಇಳಿಯಿತು.

"ಪಾಪ, ಎಷ್ಟು ಹೊತ್ತೂಂತ ಉಸಿರು ಬಿಗಿಹಿಡೀತಾನೆ?" ಎಂದರು ಮೇರಿಕುಟ್ಟಿ ಟೀಚರ್. ಮತ್ತೆ ನಗು.

"ಫ್ಯಾನ್ ಗಾಳಿ ಇರಬಹುದು ಸಾರ್," ಎಂದ ಹಿಂದಿನ ಸಾಲಿನ ಔಷಧಿ ಅಂಗಡಿಯವನು.

"ಗಾಳಿಗೆ ಎಸಳು ಅಲ್ಲಾಡುತ್ತೆ ಮಾರಾಯ, ಎದೆ ಏರಿ ಇಳಿಯುತ್ತಾ?" ಸಾರ್ ಪರದೆಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದರು. "ನೋಡಿ, ಶಿಲುಬೆನೂ ಜೊತೆಗೇ ಏಳ್ತಿದೆ. ಇನ್ನೊಂದ್ಸಲ ಹಾಕು."

ಸಾಜನ್ ಇನ್ನೊಂದು ಸಲ ಹಾಕಿದ. ಈಗ ಗುಲಾಬಿ ಎದ್ದಾಗಲೆಲ್ಲ ಜನ "ಹೋ" ಎನ್ನತೊಡಗಿದರು. ಅವನೊಬ್ಬ ನಗಲಿಲ್ಲ. ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿಕೊಂಡು ಮತ್ತೆ ಹಾಕಿಕೊಂಡ.

"ಚಿಕ್ಕ ಪರದೇಲಿ ಎಡಿಟ್ ಮಾಡ್ತಾ ಇದ್ದಾಗ ಇದು ಕಾಣ್ಲೇ ಇಲ್ಲ ಸಾರ್."

"ಹೆದರ್ಬೇಡ. ನಿನ್ನ ಚಿತ್ರ ನಾನು ಕಳಿಸ್ತೀನಿ, ವೇದಿಕೆ ಮೇಲೆ ನಿನ್ನ ಪಕ್ಕ ನಾನೇ ನಿಲ್ತೀನಿ." ಸಾರ್ ಅವನ ಬೆನ್ನಿಗೆ ಕೈಯಿಟ್ಟರು. ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. "ಇದೊಂದು ತಪ್ಪು ಸರಿಹೋಗ್ಲಿ, ಅಷ್ಟೆ."

"ಆ ತುಂಡು ಕಿತ್ತುಬಿಡ್ತೀನಿ ಸಾರ್."

"ಕೀಳಬೇಡ. ಇಡೀ ಚಿತ್ರದ ಜೀವ ಇರೋದೇ ಅಲ್ಲಿ. ಮತ್ತೊಂದ್ಸಲ ತೆಗಿ."

"ಆಗಲ್ಲ ಸಾರ್."

"ಯಾಕಾಗಲ್ಲ? ಆ ಮಹಾನಟನನ್ನ ನನ್ನ ಹತ್ರ ಕರ್ಕೊಂಡು ಬಾ. ಸತ್ತೋರು ಹೇಗೆ ಮಲಗ್ತಾರೆ ಅಂತ ನಾನು ಹೇಳ್ಕೊಡ್ತೀನಿ."

"ಅವರು ಬರೋಕಾಗಲ್ಲ ಸಾರ್."

"ಓಹೋ. ಪೆಟ್ಟಿಗೇಲಿ ಮಲಗಿದ್ದಕ್ಕೇ ಅಷ್ಟು ಜಂಬವಾ?"

ನಗು ಮಾಡಿನವರೆಗೆ ಹೋಯಿತು. ಸಾಜನ್ ಪ್ರೊಜೆಕ್ಟರ್ ಆರಿಸಿದ. ಯಾರೋ ಎದ್ದು ಕಿಟಕಿಯ ಬ್ಯಾನರ್ ಸರಿಸಿದರು. ಬೆಳಕಿನಲ್ಲಿ ಅವನ ಮುಖ ಕಂಡು ಮುಂದಿನ ಸಾಲಿನವರ ನಗು ನಿಂತಿತು.

"ಯಾರಪ್ಪ ಅವನು?" ಎಂದರು ಸಾರ್, ಇನ್ನೂ ನಗುತ್ತಲೇ.

"ಶವಸಂಸ್ಕಾರದ ದೃಶ್ಯಕ್ಕೆ ಜನ, ಪಾದ್ರಿ, ಪೆಟ್ಟಿಗೆ ಎಲ್ಲಿಂದ ತರ್ಲಿ ಸಾರ್? ಅದಕ್ಕೆ ಯಾರನ್ನೂ ಮಲಗಿಸ್ಲೇ ಇಲ್ಲ. ಆಸ್ಟ್ರೇಲಿಯಾದ ಮಕ್ಕಳಿಗೆ ಕಳಿಸೋಕೆ ಅಂತ ಹೋದ ವರ್ಷ ನೀವೇ ತೆಗೆಸಿದ್ರಲ್ಲ, ಆ ವಿಡಿಯೋದಿಂದ ಮುಖ ಮುಚ್ಚಿದ ನಂತರದ ಒಂದು ತುಂಡು ತಗೊಂಡೆ," ಎಂದ ಸಾಜನ್. "ಅದು ಅವುಸೇಪಚ್ಚನ್, ಸಾರ್. ನಿಮ್ಮಣ್ಣ."