ನಾದಿಯೆ

ಲಾಂಡ್ರಿಯ ಕಿಟಕಿಗಳಿಂದ ಕಪ್ಪು ಹೊಗೆ ಸುರುಳಿ ಸುರುಳಿಯಾಗಿ ಹೊರಬೀಳುತ್ತಿತ್ತು. ಲಾಂಡ್ರಿಯ ಒಡತಿ ನಡುರಸ್ತೆಯಲ್ಲೇ ಕುಸಿದು ಕೂತಿದ್ದಳು. ಗಾಬರಿಗೆ ಈ ಊರಿನ ಭಾಷೆಯೆಲ್ಲ ಮರೆತುಹೋಗಿ ಬಾಯಲ್ಲಿ ಬರೀ ಸ್ಪ್ಯಾನಿಷ್.

"ಒಳಗೆ ಯಾರಾದ್ರೂ ಇದ್ದಾರಾ ಕೇಳೇ," ಅಂದ ಬೆಂಕಿ ಆರಿಸಲು ಬಂದವನು. ಆಂಬುಲೆನ್ಸ್ ನರ್ಸಿಗೆ ಅವನು ಒಡಹುಟ್ಟಿದ ಅಣ್ಣ. "ಸ್ಪ್ಯಾನಿಷ್ ಕ್ಲಾಸು ಅಂತ ಅಡುಗೆ ಕೆಲಸ ತಪ್ಪಿಸ್ಕೋತೀಯಲ್ಲ, ಈಗ ತೋರಿಸು ನಿನ್ನ ಪಾಂಡಿತ್ಯ!"

ಆ ಗಡಿಬಿಡಿಯಲ್ಲಿ ನರ್ಸಿಗೆ ನೆನಪಾದದ್ದು ಒಂದೇ ಪದ. ಉರಿಯುವ ಬಾಗಿಲ ಕಡೆ ಕೈ ತೋರಿಸಿ, "ಆಲ್ಗಿಯೆನ್?" ಅಂದಳು. ಯಾರಾದರೂ?

"ನಾದಿಯೆ! ನಾದಿಯೆ!" ಒಡತಿ ಎದೆ ಎದೆ ಬಡಿದುಕೊಂಡಳು.

ನರ್ಸ್ ಸರಕ್ಕನೆ ತಿರುಗಿದಳು. "ಅಣ್ಣಾ, ಮಗಳು ಒಳಗಿದ್ದಾಳೆ! ನಾದಿಯೆ ಅಂತ ಹೆಸರು!"

ಅಣ್ಣ ಮುಖವಾಡ ಎಳೆದುಕೊಂಡು ಹೊಗೆಯೊಳಗೆ ನುಗ್ಗಿಯೇಬಿಟ್ಟ.

ಮಗುವಿಗೆಷ್ಟು ವಯಸ್ಸು ಅಂತ ಕೇಳುವುದು ಹೇಗೆ? ಅವಳು ಸ್ಪ್ಯಾನಿಷ್ ಮೇಷ್ಟ್ರಿಗೆ ಫೋನ್ ಹಚ್ಚಿ, ಒಂದೇ ಉಸಿರಿಗೆ ಎಲ್ಲ ಒದರಿದಳು.

"ಯಾವ ಮಗುವಮ್ಮ?" ಅಂದರು ಮೇಷ್ಟ್ರು. "ನಾದಿಯೆ ಯಾರ ಹೆಸರೂ ಅಲ್ಲ. ಆಲ್ಗಿಯೆನ್ ಅಂದ್ರೆ ಯಾರೋ. ನಾದಿಯೆ ಅಂದ್ರೆ ಯಾರೂ ಇಲ್ಲ. ಹೋದ ಕ್ಲಾಸಿಗೆ ಚಕ್ಕರ್ ಹೊಡೆದೆಯಲ್ಲ, ಅವತ್ತಿನ ಪಾಠ."

ಅವಳಿಗೆ ನಿಂತ ನೆಲವೇ ಬಾಯಿ ಬಿಟ್ಟಂತಾಯಿತು. ಖಾಲಿ ಕಟ್ಟಡದ ಬೆಂಕಿಗೆ ಅಣ್ಣನನ್ನು ತಾನೇ ಅಟ್ಟಿದ್ದಳು! "ವಾಪಸ್ ಬಾರೋ ಅಣ್ಣಾ! ಒಳಗೆ ಯಾರೂ ಇಲ್ವಂತೆ!" ಗಂಟಲು ಹರಿಯುವ ಹಾಗೆ ಕೂಗಿದಳು. ಉತ್ತರವಾಗಿ ಒಳಗೆ ಏನೋ ಧಡಾರನೆ ಬಿತ್ತು. ಅತ್ತಿಗೆಗೆ ಏನಂತ ಹೇಳಲಿ?

ಹೊಗೆ ಸೀಳಿಕೊಂಡು ಅಣ್ಣ ಬಂದ. ಹೆಗಲ ಮೇಲೆ ಮೈಯೆಲ್ಲ ಮಸಿಯಾದ ಒಬ್ಬ ಹೆಂಗಸು, ಇಸ್ತ್ರಿ ಕೆಲಸದವಳು. ಉಸಿರು ಸಣ್ಣಗೆ ಆಡುತ್ತಿತ್ತು. ನರ್ಸ್ ಅವಳ ಮೂಗಿಗೆ ಆಮ್ಲಜನಕ ಹಿಡಿದಳು.

"ನಾನೇ ತಪ್ಪು ತಿಳ್ಕೊಂಡೆ ಅಣ್ಣಾ. ಯಾರೂ ಇಲ್ಲ ಅಂತ ಅಂದಿದ್ದಂತೆ ಒಡತಿ. ಇವಳು ಒಳಗಿರೋದು ಪಾಪ, ಅವಳಿಗೆ ಗೊತ್ತಿರಲಿಲ್ವೇನೋ."

ಒಡತಿಯ ಅಳು ಅಷ್ಟರಲ್ಲಿ ನಿಂತೇಹೋಗಿತ್ತು. ಅಣ್ಣ ಕೆಮ್ಮುತ್ತಾ ಅವಳನ್ನೇ ದಿಟ್ಟಿಸಿದ.

"ಇಸ್ತ್ರಿ ಕೋಣೆಗೆ ಹೊರಗಿನಿಂದ ಬೀಗ ಹಾಕಿತ್ತು ಕಣೇ."